ನಡೆಯದ ಟೆಸ್ಟಿಗೆ ಬಿದ್ದ ಹಸಿರು ಗುರುತು

ಆ ಒಂದು ಸಾಲು ಕೋಡನ್ನು ನಾನು ಬರೆದದ್ದು ಬೈಸಿಕೊಳ್ಳುವ ಹೆದರಿಕೆಗೆ. ಬೇರೆ ಏನಾದರೂ ಕಾರಣ ಹೇಳಿಕೊಳ್ಳಲು ಆಮೇಲಿನ ವರ್ಷಗಳಲ್ಲಿ ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಸಿಕ್ಕಿಲ್ಲ.

ಎರಡು ಸಾವಿರದ ಐದೋ ಆರೋ ಇಸವಿ. ನಾನು ಕೆಲಸ ಮಾಡುತ್ತಿದ್ದ ಕಂಪನಿ ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಯಲ್ಲಿ, ಹಳೇ ಮನೆಯೊಂದರ ಮಹಡಿಯ ಮೇಲಿತ್ತು. ಕೆಳಗೆ ಮನೆ ಮಾಲೀಕರ ಸಂಸಾರ, ಮೇಲೆ ನಾವು ಒಂಬತ್ತು ಜನ. ಅವರ ಮನೆಯ ಒಗ್ಗರಣೆಯ ಘಾಟಿಗೆ ಬೆಳಗ್ಗೆ ಹತ್ತರ ಹೊತ್ತಿಗೆ ನಮಗೆಲ್ಲ ಒಟ್ಟಿಗೆ ಕೆಮ್ಮು ಬರುತ್ತಿತ್ತು. ನರ್ಸಿಂಗ್ ಹೋಮುಗಳ ಲ್ಯಾಬಿಗೆ ಸಾಫ್ಟ್‌ವೇರ್ ಮಾಡಿಕೊಡುವುದು ನಮ್ಮ ಕೆಲಸ. ರಕ್ತ ಪರೀಕ್ಷೆಯ ಯಂತ್ರ ಒಂದು ಸಂಖ್ಯೆ ಕೊಡುತ್ತದೆ. ಆ ಸಂಖ್ಯೆಯನ್ನು ತೆಗೆದುಕೊಂಡು, ರೋಗಿಯ ಹೆಸರಿಗೆ ಸೇರಿಸಿ, ರಿಪೋರ್ಟನ್ನು ಪ್ರಿಂಟ್ ಮಾಡಿ ಕೊಡುವುದು ನಮ್ಮ ಸಾಫ್ಟ್‌ವೇರ್. ಊರಿನ ಹಳೇ ಬಡಾವಣೆಗಳ ಹನ್ನೊಂದು ಲ್ಯಾಬುಗಳಲ್ಲಿ ಅದು ನಡೆಯುತ್ತಿತ್ತು. ಕಂಪನಿ ನಡೆಸುತ್ತಿದ್ದವರು ಸರ್ಕಾರಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿದ್ದು, ಬೇಗನೆ ನಿವೃತ್ತಿ ತೆಗೆದುಕೊಂಡು ಬಂದವರು. ನಮಗೆಲ್ಲ ಅವರು ಸರ್, ಅಷ್ಟೇ.

ಟೆಸ್ಟಿಂಗಿಗೆ ಇದ್ದವರು ಇಬ್ಬರೇ: ನಾನು ಮತ್ತು ಒಬ್ಬರು ಮೇಡಂ. ಮೇಡಂ ಐವತ್ತು ದಾಟಿದವರು. ಅದಕ್ಕೆ ಮೊದಲು ಇಪ್ಪತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದವರು. ಕಂಪ್ಯೂಟರನ್ನು ಅವರು ಮುಟ್ಟುತ್ತಿದ್ದ ರೀತಿ ಬಿಸಿ ಪಾತ್ರೆ ಮುಟ್ಟಿದಂತೆ ಇರುತ್ತಿತ್ತು. ಆದರೆ ಲ್ಯಾಬಿನಲ್ಲಿ ಏನೇನು ತಪ್ಪಾಗಬಹುದು ಎಂಬುದು ಅವರಿಗೆ ಗೊತ್ತಿದ್ದಷ್ಟು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಾಫ್ಟ್‌ವೇರ್ ಸರಿಯಾಗಿ ನಡೆಯುತ್ತದೆಯೇ ಎಂದು ನೋಡುವ ಟೆಸ್ಟುಗಳನ್ನೆಲ್ಲ ಯೋಚಿಸಿ ಬರೆಸಿದ್ದು ಅವರೇ.

ಪ್ರೋಗ್ರಾಮರುಗಳು ಹಿಂದಿನ ದಿನ ಬರೆದದ್ದನ್ನೆಲ್ಲ ಒಟ್ಟುಗೂಡಿಸಿ ಹೊಸ ಸಾಫ್ಟ್‌ವೇರಾಗಿ ಕಟ್ಟುವ ಕೆಲಸ ಪ್ರತಿದಿನ ಬೆಳಗ್ಗೆ ಆರಕ್ಕೆ ತಾನಾಗಿ ಶುರುವಾಗುತ್ತಿತ್ತು. ಅದನ್ನು ಬಿಲ್ಡ್ ಎನ್ನುತ್ತಿದ್ದೆವು. ಬಿಲ್ಡ್ ಮುಗಿದ ಮೇಲೆ ಮುನ್ನೂರು ಚಿಲ್ಲರೆ ಟೆಸ್ಟುಗಳು ಒಂದಾದ ಮೇಲೊಂದು ಓಡಿ, ಯಾವುದು ಪಾಸು, ಯಾವುದು ಫೇಲು ಎಂದು ಒಂದು ಫೈಲಿನಲ್ಲಿ ಬರೆದಿಡುತ್ತಿದ್ದವು. ಆ ಫೈಲನ್ನು ಪ್ರಿಂಟ್ ತೆಗೆದು, ಸ್ಕೇಲು ಇಟ್ಟು ಸಾಲು ಸಾಲಾಗಿ ನೋಡಿಕೊಂಡು, ಮೇಡಂ ಇನ್ನೊಂದು ಕಂಪ್ಯೂಟರಿನಲ್ಲಿದ್ದ ಟೆಸ್ಟ್ ದಾಖಲೆಯ ಸಾಫ್ಟ್‌ವೇರಿಗೆ ಟೈಪ್ ಮಾಡುತ್ತಿದ್ದರು. ಪಾಸಾದರೆ ಹಸಿರು, ಫೇಲಾದರೆ ಕೆಂಪು. ಸಾಫ್ಟ್‌ವೇರಿನ ಹೊಸ ವರ್ಷನನ್ನು ಲ್ಯಾಬುಗಳಿಗೆ ಕಳಿಸಬೇಕೋ ಬೇಡವೋ ಎಂದು ಸರ್ ತೀರ್ಮಾನಿಸುತ್ತಿದ್ದುದು ಆ ಪರದೆ ನೋಡಿ.

ಟೈಪ್ ಮಾಡಿ ಮುಗಿಯುವಷ್ಟರಲ್ಲಿ ಮಧ್ಯಾಹ್ನ ಮೂರಾಗುತ್ತಿತ್ತು. ಮೇಡಂಗೆ ಬೆರಳ ಗಂಟುಗಳು ನೋಯುತ್ತಿದ್ದವು. ನಾನು ಎರಡು ವಾರ ಕೂತು, ಆ ಫೈಲನ್ನು ತಾನೇ ಓದಿ ದಾಖಲೆಯ ಸಾಫ್ಟ್‌ವೇರಿಗೆ ಕಳಿಸುವ ಪ್ರೋಗ್ರಾಮ್ ಬರೆದೆ. ಮೊದಲ ದಿನ ಒಂಬತ್ತಕ್ಕೆ ನಾವು ಬಾಗಿಲು ತೆಗೆಯುವಷ್ಟರಲ್ಲಿ ಪರದೆ ಹಸಿರು ಕೆಂಪುಗಳಿಂದ ತುಂಬಿತ್ತು. ಸರ್ ಎಲ್ಲರಿಗೂ ಖಾರಾ ಬೋಂಡ ತರಿಸಿದರು.

ಮೇಡಂ ಮಾತ್ರ ಬೋಂಡ ಕೈಯಲ್ಲಿ ಹಿಡಿದುಕೊಂಡೇ ಪರದೆ ನೋಡುತ್ತ ನಿಂತಿದ್ದರು. "ಚೆನ್ನಾಗಿದೆ ಕಣಮ್ಮ. ಆದ್ರೆ ನಾನು ಕೈಲಿ ಹಾಕ್ತಿದ್ದಾಗ ಒಂದೊಂದರ ಮೇಲೂ ಕಣ್ಣು ಬೀಳ್ತಿತ್ತು. ಇನ್ಮೇಲೆ ಯಾರ ಕಣ್ಣು ಬೀಳತ್ತೆ?"

"ಕಂಪ್ಯೂಟರೇ ನೋಡ್ಕೊಳ್ಳತ್ತೆ ಮೇಡಂ" ಎಂದೆ. ಆಗ ನನಗೆ ಇಪ್ಪತ್ತಾರು.

ಕಂಪ್ಯೂಟರುಗಳ ನಡುವಿನ ತಂತಿ ಸರಿಯಿರಲಿಲ್ಲ. ಕೆಲವು ದಿನ ಕಳಿಸುವ ಕೆಲಸ ಅರ್ಧಕ್ಕೇ ನಿಂತು, ಪರದೆಯ ಮೇಲೆ ಸಾಲುಗಟ್ಟಲೆ ಖಾಲಿ ಚೌಕಗಳು ಉಳಿಯುತ್ತಿದ್ದವು. ಒಂದು ದಿನ ದೊಡ್ಡ ಆಸ್ಪತ್ರೆಯೊಂದರಿಂದ ಇಬ್ಬರು ನಮ್ಮ ಕೆಲಸ ನೋಡಲು ಬಂದಿದ್ದರು. ಅವತ್ತೇ ಅರ್ಧ ಪರದೆ ಖಾಲಿ. ಅವರು ಹೋದ ಮೇಲೆ ಸರ್ ನನ್ನನ್ನು ಕರೆದರು. ಜೋರಾಗಿ ಮಾತಾಡುವವರಲ್ಲ ಅವರು. "ನೋಡಮ್ಮ, ಕೈಲಿ ಬರೀತಿದ್ದಾಗ ಒಂದು ದಿನಾನೂ ಖಾಲಿ ಇರ್ತಿರ್ಲಿಲ್ಲ. ನಿನ್ ಪ್ರೋಗ್ರಾಮ್ ಬಂದ್ಮೇಲೆ ನಾನು ಜನರ ಮುಂದೆ ತಲೆ ತಗ್ಸೋ ಹಾಗಾಯ್ತು. ಇನ್ನೊಂದ್ಸಲ ಹೀಗೆ ಕಾಣ್ಬಾರ್ದು" ಎಂದರು.

ನನಗೆ ಆ ಕೆಲಸ ಬಹಳ ಬೇಕಾಗಿತ್ತು. ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ದೊಡ್ಡಮ್ಮ, ತಾಯಿಯ ಅಕ್ಕ. ಪ್ರೈಮರಿ ಸ್ಕೂಲಿನ ಟೀಚರಾಗಿದ್ದು ನಿವೃತ್ತಳಾದವಳು. ಚಾಮರಾಜಪೇಟೆಯ ಒಂದು ವಠಾರದಲ್ಲಿ ಇಬ್ಬರೇ ಇದ್ದೆವು. ನಾನು ಕೆಲಸ ಕಳೆದುಕೊಂಡು ಅವಳ ಮುಂದೆ ಹೋಗಿ ನಿಲ್ಲುವುದನ್ನು ಯೋಚಿಸಲೂ ಆಗುತ್ತಿರಲಿಲ್ಲ. ಅದೇ ಮಧ್ಯಾಹ್ನ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ. ಯಾವುದಾದರೂ ಟೆಸ್ಟಿಗೆ ಇವತ್ತಿನ ಫಲಿತಾಂಶ ಸಿಗದಿದ್ದರೆ ಹಿಂದಿನ ಸಲದ್ದನ್ನೇ ಹಾಕು, ತಾರೀಖು ಇವತ್ತಿನದು ಇರಲಿ. ತಂತಿ ತೊಂದರೆ ಕೊಟ್ಟ ದಿನಕ್ಕೆ ಮಾತ್ರ ಇದು, ಒಂದು ದಿನದಲ್ಲಿ ಏನು ಮಹಾ ಬದಲಾಗುತ್ತದೆ ಎಂದುಕೊಂಡೆ. ಮೇಡಂಗೆ ಹೇಳಲಿಲ್ಲ. ಹೇಳಿದ್ದರೆ ಬೇಡ ಎನ್ನುತ್ತಿದ್ದರು ಎಂದು ನನಗೆ ಗೊತ್ತಿತ್ತು.

ಅಲ್ಲಿಂದ ಮುಂದೆ ಪರದೆಯ ಮೇಲೆ ಒಂದು ಚೌಕವೂ ಖಾಲಿ ಉಳಿಯಲಿಲ್ಲ.

ಮೂರು ತಿಂಗಳು ಕಳೆದವು. ಒಂದು ಶುಕ್ರವಾರ ಬೆಳಗ್ಗೆ ಸರ್, ಯಾವ ಟೆಸ್ಟು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಪಟ್ಟಿ ಕೇಳಿದರು. ಬಿಲ್ಡ್ ನಿಧಾನವಾಗುತ್ತಿದೆ, ಕಡಿಮೆ ಮಾಡಬೇಕು ಎಂದು. ನಾನು ಒಂದು ತಿಂಗಳಿನ ಲೆಕ್ಕ ತೆಗೆದು ಪ್ರಿಂಟ್ ಹಾಕಿ ನೋಡುತ್ತ ಕೂತೆ. ಒಂದು ಟೆಸ್ಟಿನ ಎದುರಿಗೆ ನಲವತ್ತೊಂದು ಸೆಕೆಂಡು, ಅದರ ಮುಂದೆ ಪಾಯಿಂಟ್ ಮೂರು ಎರಡು ಏಳು ಎಂದಿತ್ತು. ಹಿಂದಿನ ದಿನವೂ ಅದೇ. ಅದರ ಹಿಂದಿನ ದಿನವೂ ಅದೇ. ಬೆರಳಿಟ್ಟುಕೊಂಡು ಕೆಳಗೆ ಇಳಿದೆ. ಇಪ್ಪತ್ತು ದಿನ, ಸೆಕೆಂಡಿನ ಸಾವಿರದಲ್ಲೊಂದು ಭಾಗವೂ ಆಚೀಚೆ ಆಗಿರಲಿಲ್ಲ. ಮನುಷ್ಯರಾಗಲಿ ಯಂತ್ರವಾಗಲಿ ಒಂದು ಕೆಲಸವನ್ನು ಎರಡು ದಿನ ಅಷ್ಟು ಕರಾರುವಾಕ್ಕಾಗಿ ಅಷ್ಟೇ ಹೊತ್ತಿನಲ್ಲಿ ಮಾಡುವುದಿಲ್ಲ. ಅದರ ಕೆಳಗಿನ ಟೆಸ್ಟೂ ಹಾಗೇ. ಅದರ ಕೆಳಗಿನದೂ. ಕೊನೆಯವರೆಗೂ, ನಲವತ್ತಕ್ಕೂ ಹೆಚ್ಚು.

ಆ ಟೆಸ್ಟುಗಳು ಇಪ್ಪತ್ತು ದಿನದಿಂದ ಓಡಿಯೇ ಇರಲಿಲ್ಲ. ಬಿಲ್ಡ್ ಬರೆದಿಟ್ಟ ಫೈಲುಗಳನ್ನು ತೆರೆದು ನೋಡಿದೆ. ಪ್ರತಿಯೊಂದೂ ಒಂದೇ ಜಾಗದಲ್ಲಿ, ಸಾಲಿನ ಮಧ್ಯದಲ್ಲೇ ಕತ್ತರಿಸಿದಂತೆ ನಿಂತಿತ್ತು. ಟೆಸ್ಟು ಓಡಿಸುವ ಪ್ರೋಗ್ರಾಮೇ ಅಲ್ಲಿ ಸತ್ತುಬೀಳುತ್ತಿತ್ತು. ಉಳಿದದ್ದಕ್ಕೆಲ್ಲ ನನ್ನ ಆ ಒಂದು ಸಾಲು ದಿನವೂ ಹಳೇ ಹಸಿರನ್ನೂ ಹಳೇ ಸೆಕೆಂಡುಗಳನ್ನೂ ತಂದು ಹಚ್ಚುತ್ತಿತ್ತು. ಈ ಇಪ್ಪತ್ತು ದಿನದಲ್ಲಿ ನಾವು ಒಂದು ಹೊಸ ವರ್ಷನ್ ಕಳಿಸಿದ್ದೆವು. ನಾಲ್ಕು ಲ್ಯಾಬುಗಳಿಗೆ ಅದು ಹಾಕಿಯಾಗಿತ್ತು.

ಯಾರಿಗೂ ಏನೂ ಹೇಳದೆ ಆ ಟೆಸ್ಟುಗಳನ್ನು ನನ್ನ ಕಂಪ್ಯೂಟರಿನಲ್ಲಿ ಒಂದೊಂದಾಗಿ ಓಡಿಸಿದೆ. ಪ್ರತಿಯೊಂದು ಪಾಸಾದಾಗಲೂ ಸ್ವಲ್ಪ ಉಸಿರು ಬಿಡುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಎರಡು ಟೆಸ್ಟುಗಳು ಫೇಲಾದವು, ಎರಡೂ ಮರುಪರೀಕ್ಷೆಗೆ ಸಂಬಂಧಿಸಿದವು.

ಯಂತ್ರ ಕೊಟ್ಟ ಸಂಖ್ಯೆಯ ಮೇಲೆ ಅನುಮಾನ ಬಂದರೆ ಟೆಕ್ನಿಷಿಯನ್ ಅದೇ ರಕ್ತವನ್ನು ಇನ್ನೊಂದು ಸಲ ಯಂತ್ರಕ್ಕೆ ಕೊಡುತ್ತಾರೆ. ರಿಪೋರ್ಟಿನಲ್ಲಿ ಬರಬೇಕಾದದ್ದು ಎರಡನೇ ಸಂಖ್ಯೆ. ಹೊಸ ವರ್ಷನಿನಲ್ಲಿ ಮೊದಲನೆಯದೇ ಬರುತ್ತಿತ್ತು. ಅಂದರೆ ಯಾವ ಸಂಖ್ಯೆ ತಪ್ಪಿರಬಹುದು ಎಂದು ಲ್ಯಾಬಿನವರಿಗೇ ಅನ್ನಿಸಿತ್ತೋ, ಅದನ್ನೇ ಹುಡುಕಿ ಹುಡುಕಿ ನಾವು ರೋಗಿಯ ಕೈಗೆ ಕೊಡುತ್ತಿದ್ದೆವು.

ಅವತ್ತು ನಾನು ಮಾಡಬೇಕಾಗಿದ್ದದ್ದು ಸ್ಪಷ್ಟವಾಗಿತ್ತು. ಹತ್ತು ಹೆಜ್ಜೆ ನಡೆದು ಸರ್ ಕೋಣೆಗೆ ಹೋಗಿ ಹೇಳಬೇಕಿತ್ತು. ಎರಡು ಸಲ ಎದ್ದೆ. ಎರಡು ಸಲವೂ ನೀರು ಕುಡಿದು ಬಂದು ಕೂತೆ. ಮೇಡಂಗೆ ಅವತ್ತು ರಜೆ. ಐದೂವರೆಗೆ ಚೀಲ ಹೆಗಲಿಗೆ ಹಾಕಿಕೊಂಡು, ಎಲ್ಲರಂತೆ ಹೋಗಿ ಬರ್ತೀನಿ ಎಂದು ಹೇಳಿ ಇಳಿದುಬಿಟ್ಟೆ.

ಗಾಂಧಿ ಬಜಾರಿನಲ್ಲಿ ಶುಕ್ರವಾರದ ಹೂವಿನ ಜನ. ಮೊಳ ಹಾಕುತ್ತಿದ್ದ ಹೆಂಗಸರ ನಡುವೆ ನಡೆಯುತ್ತಿದ್ದಾಗ ಒಬ್ಬ ಮುದುಕರ ಬುಟ್ಟಿಯಲ್ಲಿ, ಸೊಪ್ಪಿನ ಕಟ್ಟಿನ ಪಕ್ಕ, ಉದ್ದನೆಯ ಬಿಳಿ ಲಕೋಟೆ ಕಾಣಿಸಿತು. ಲ್ಯಾಬ್ ರಿಪೋರ್ಟಿನ ಲಕೋಟೆ. ಅವರ ಹಿಂದೆಯೇ ಸ್ವಲ್ಪ ದೂರ ಹೋದೆ. ತಡೆದು ಕೇಳಬೇಕೆನ್ನಿಸಿತು. ಏನೆಂದು ಕೇಳುವುದು? ಅವರು ಆಟೋ ಹತ್ತಿ ಹೋದರು. ಆಮೇಲೆ ನನಗೆ ಎಲ್ಲರ ಕೈಯಲ್ಲೂ ಬಿಳಿ ಲಕೋಟೆಯೇ ಕಾಣತೊಡಗಿತು.

ಮನೆಗೆ ಬಂದರೆ ಊಟದ ಮೇಜಿನ ಮೇಲೆ ಅಂಥದೇ ಒಂದು ಲಕೋಟೆ ಇತ್ತು.

"ಬೆಳಗ್ಗೆ ರಕ್ತ ಕೊಟ್ ಬಂದಿದ್ದೆ. ಡಾಕ್ಟ್ರು ಬಿ.ಪಿ. ಮಾತ್ರೆ ಬದಲಾಯಿಸ್ಬೇಕು, ಒಂದ್ಸಲ ನೋಡ್ಬಿಡೋಣ ಅಂದ್ರು" ಎಂದಳು ದೊಡ್ಡಮ್ಮ, ಅಡುಗೆಮನೆಯಿಂದಲೇ.

ಲಕೋಟೆ ಬಿಚ್ಚಿದೆ. ರಿಪೋರ್ಟಿನ ಕೆಳಗೆ, ಸಣ್ಣ ಅಕ್ಷರದಲ್ಲಿ, ನಮ್ಮ ಸಾಫ್ಟ್‌ವೇರಿನ ಹೆಸರು, ಪಕ್ಕದಲ್ಲಿ ವರ್ಷನ್ ಸಂಖ್ಯೆ. ಹೊಸದೇ. ಆ ನಾಲ್ಕರಲ್ಲಿ ಚಾಮರಾಜಪೇಟೆಯ ಲ್ಯಾಬೂ ಒಂದು ಎಂಬುದು ನನಗೆ ಗೊತ್ತಿತ್ತು. ದೊಡ್ಡಮ್ಮ ಅಲ್ಲಿಗೇ ಹೋಗುತ್ತಾಳೆ ಎಂಬುದೂ ಗೊತ್ತಿತ್ತು. ಇವೆರಡನ್ನೂ ನಾನು ಒಂದು ದಿನವೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ.

"ಇದನ್ನ ಡಾಕ್ಟ್ರಿಗೆ ತೋರಿಸ್ಬೇಡ" ಎಂದೆ.

"ಯಾಕೆ? ಏನಾದ್ರೂ ಜಾಸ್ತಿ ಇದ್ಯಾ?"

"ಸುಮ್ನೆ. ಬೇರೆ ಕಡೆ ಇನ್ನೊಂದ್ಸಲ ಮಾಡಿಸೋಣ."

ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಎದುರಿಗೆ ಕೂತಳು. ಮೂವತ್ತು ವರ್ಷ ಮಕ್ಕಳ ಮುಖ ನೋಡಿದವಳು. "ಏನಾಯ್ತು ಹೇಳು" ಎಂದಳು.

ಹೇಳಿದೆ. ಬಿಲ್ಡು, ಫೈಲು ಎಂದೆಲ್ಲ ಶುರುಮಾಡಿದಾಗ ಅವಳು ತಡೆದಳು. "ನಂಗೆ ಅರ್ಥ ಆಗೋ ಹಾಗೆ ಹೇಳು." ಆಗ ಹೇಳಿದ್ದು ಇಷ್ಟೇ: ಪರೀಕ್ಷೆಗೆ ಬಾರದ ಮಕ್ಕಳಿಗೆ ನಾನು ಹಿಂದಿನ ಸಲದ ಅಂಕ ಹಾಕಿ ಪಾಸು ಮಾಡುತ್ತ ಬಂದಿದ್ದೇನೆ. ಖಾಲಿ ಬಿಟ್ಟರೆ ಬೈತಾರೆ ಅಂತ.

ದೊಡ್ಡಮ್ಮನ ಮುಖದಲ್ಲಿ ಸಿಟ್ಟು ಬರುತ್ತದೆ ಎಂದು ಕಾದಿದ್ದೆ. ಬಂದದ್ದು ಹೆದರಿಕೆ. ಅದನ್ನು ನೋಡಿದಾಗ ನನ್ನ ಹೆದರಿಕೆ ಇನ್ನೂ ಹೆಚ್ಚಾಯಿತು.

"ನನಗೇನೋ ಹೇಳ್ಬಿಟ್ಟೆ" ಎಂದಳು ಕೊನೆಗೆ. "ಬೆಳಗ್ಗೆ ಅಲ್ಲಿ ನನ್ನ ಪಕ್ಕ ಒಬ್ಳು ಬಸುರಿ ಕೂತಿದ್ಲು. ತಾಯಿ ಜೊತೆ ಬಂದಿದ್ಲು. ಅವಳಿಗೆ ಯಾರು ಹೇಳ್ತಾರೆ?"

ಅವತ್ತು ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ.

ಶನಿವಾರ ಬೆಳಗ್ಗೆ ಎದ್ದವಳೇ ಸರ್ ಮನೆಗೆ ಹೋಗಲು ಧೈರ್ಯವಾಗದೆ, ಬಸ್ಸು ಹತ್ತಿ ಮಲ್ಲೇಶ್ವರಕ್ಕೆ ಮೇಡಂ ಮನೆಗೆ ಹೋದೆ. ಅವರು ಅಂಗಳದಲ್ಲಿ ರಂಗೋಲಿ ಮುಗಿಸಿ ಏಳುತ್ತಿದ್ದರು. ನನ್ನನ್ನು ನೋಡಿ ನಕ್ಕವರು, ಮುಖ ಕಂಡು ನಗು ನಿಲ್ಲಿಸಿದರು. ಒಳಗೆ ಕೂರಿಸಿ, ಕಾಫಿ ಕೊಟ್ಟು, ಎಲ್ಲವನ್ನೂ ಕೇಳಿದರು. ಮಧ್ಯೆ ಒಂದೇ ಒಂದು ಪ್ರಶ್ನೆ ಹಾಕಿದರು.

"ನಂಗ್ಯಾಕೆ ಹೇಳ್ಲಿಲ್ಲ ಆ ಸಾಲು ಹಾಕಿದಾಗ?"

"ನೀವು ಬೇಡ ಅಂತೀರಿ ಅಂತ."

ಅವರು ತಲೆಯಾಡಿಸಿದರು, ಅಷ್ಟೇ. ಆಮೇಲೆ ಯಾವ ಯಾವ ಲ್ಯಾಬು ಎಂದು ಕೇಳಿ ಹಾಲಿನ ಲೆಕ್ಕದ ಚೀಟಿಯ ಹಿಂದೆ ಬರೆದುಕೊಂಡರು. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ, ಉಪ್ಪಾರಪೇಟೆ. "ಎಲ್ಲಾ ಲ್ಯಾಬಲ್ಲೂ ಯಂತ್ರದ ಪಕ್ಕ ಒಂದು ಕಾಗದದ ಸುರುಳಿ ಇರತ್ತೆ. ಯಂತ್ರ ಏನ್ ಹೇಳ್ತೋ ಅದು ಅದರಲ್ಲಿ ಹಾಗೇ ಅಚ್ಚಾಗಿರತ್ತೆ. ಅದನ್ನೂ ನಮ್ಮ ರಿಪೋರ್ಟನ್ನೂ ಪಕ್ಕದಲ್ಲಿ ಇಟ್ಕೊಂಡು ನೋಡ್ಬೇಕು. ಎರಡು ಸಲ ಓಡಿಸಿದ್ದು ಯಾವ್ದಿದ್ಯೋ ಅದನ್ನೆಲ್ಲ ಹುಡುಕ್ಬೇಕು. ನಡಿ, ಮೊದ್ಲು ಸರ್ ಹತ್ರ."

ಸರ್ ಮನೆ ಬಸವನಗುಡಿಯಲ್ಲೇ. ಅವರು ಪೂಜೆ ಮುಗಿಸಿ ಪೇಪರ್ ಓದುತ್ತಿದ್ದರು. ನಾನು ನಿಂತೇ ಹೇಳಿದೆ. ಅವರು ಪೇಪರನ್ನು ಮಡಿಸಿದರು, ಮತ್ತೆ ಬಿಚ್ಚಿದರು, ಮತ್ತೆ ಮಡಿಸಿದರು.

"ಲ್ಯಾಬ್‌ನವರಿಗೆ ಈಗ್ಲೇ ಹೇಳಿದ್ರೆ ನಾವು ಉಳಿಯಲ್ಲ" ಎಂದರು. ಧ್ವನಿ ಬಹಳ ಸಣ್ಣದಾಗಿತ್ತು. "ಮೊದ್ಲು ಸರಿ ಮಾಡಿ ಹೊಸ ವರ್ಷನ್ ಹಾಕ್ಬಿಡೋಣ. ಸೋಮವಾರ ನಿಧಾನಕ್ಕೆ ಒಂದೊಂದು ಲ್ಯಾಬಿಗೆ..."

"ಸರ್, ಸೋಮವಾರದೊಳಗೆ ಯಾರಾದ್ರೂ ಮಾತ್ರೆ ನುಂಗ್ತಾರೆ" ಎಂದರು ಮೇಡಂ.

ಸರ್ ನನ್ನ ಮೇಲೆ ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ಅವರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡು ಕೂತರು. ನಾನು ಅಷ್ಟು ದಿನ ಹೆದರಿದ್ದ ಮನುಷ್ಯ ನನ್ನಷ್ಟೇ ಹೆದರಿದ್ದನ್ನು ಅವತ್ತು ಮೊದಲ ಸಲ ನೋಡಿದೆ. ಸ್ವಲ್ಪ ಹೊತ್ತಾದ ಮೇಲೆ ಎದ್ದು, ಫೋನಿನ ಹತ್ತಿರ ಹೋಗಿ, ನಾಲ್ಕು ಲ್ಯಾಬಿಗೂ ತಾವೇ ಫೋನ್ ಮಾಡಿದರು. ತಪ್ಪು ನಮ್ಮದು, ಈಗಿನಿಂದ ರಿಪೋರ್ಟು ಕೈಯಲ್ಲಿ ಬರೆಯಿರಿ, ನಮ್ಮವರು ಬರುತ್ತಿದ್ದಾರೆ. ನನ್ನ ಹೆಸರು ಹೇಳಲಿಲ್ಲ.

ಅಲ್ಲಿಂದ ಮೂರು ದಿನ ನಾವು ಮೂವರೂ ಕಾಗದದ ಸುರುಳಿಗಳನ್ನು ಬಿಚ್ಚಿ ನೋಡಿದೆವು. ಯಂತ್ರದ ಸುರುಳಿ ಬಸ್ ಟಿಕೆಟಿನಷ್ಟು ಅಗಲ, ಮಾರುಗಟ್ಟಲೆ ಉದ್ದ. ಮೇಡಂ ತಮ್ಮ ಸ್ಕೇಲು ತಂದಿದ್ದರು. ಮಾದರಿಯ ಸಂಖ್ಯೆ ಎರಡು ಸಲ ಬಂದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು, ನಾನು ರಿಪೋರ್ಟಿನ ಪ್ರತಿ ತೆಗೆದು ಓದುತ್ತಿದ್ದೆ. ದೊಡ್ಡಮ್ಮನ ರಕ್ತ ಯಂತ್ರದಲ್ಲಿ ಒಂದೇ ಸಲ ಓಡಿತ್ತು. ಅವಳ ಪಕ್ಕ ಕೂತಿದ್ದ ಬಸುರಿಯ ಹೆಸರನ್ನು ಲ್ಯಾಬಿನವರು ಗುರುತಿಸಿದರು, ಅವಳದೂ ಅಷ್ಟೇ. ಎರಡು ಸಲ ಓಡಿದವುಗಳಲ್ಲೂ ಹೆಚ್ಚಿನವು ನೂರ ಹತ್ತರ ಬದಲು ನೂರ ಹದಿಮೂರು, ಅಂಥವು. ಮೇಡಂ ಒಂದೊಂದನ್ನೂ ನೋಡಿ, "ಇದರಿಂದ ಏನಾಗಲ್ಲ, ಆದ್ರೂ ಅವರಿಗೆ ಫೋನ್ ಮಾಡಿಸಿ" ಎಂದು ಲ್ಯಾಬಿನವರಿಗೆ ಹೇಳುತ್ತಿದ್ದರು.

ಭಾನುವಾರ ಬೆಳಗ್ಗೆ ಮಲ್ಲೇಶ್ವರದ ಲ್ಯಾಬಿನಲ್ಲಿ ಮೇಡಂ ಪೆನ್ಸಿಲ್ ನಿಂತಿತು. ಸಕ್ಕರೆ ಪರೀಕ್ಷೆ. ಮೊದಲನೇ ಸಂಖ್ಯೆ ಮುನ್ನೂರ ಹತ್ತು. ಎರಡನೆಯದು ನೂರ ನಲವತ್ತಾರು. ನಮ್ಮ ರಿಪೋರ್ಟಿನಲ್ಲಿ ಮುನ್ನೂರ ಹತ್ತು. ತಾರೀಖು ಐದು ದಿನದ ಹಿಂದಿನದು.

ಅಲ್ಲಿನ ಟೆಕ್ನಿಷಿಯನ್ ನಲವತ್ತರ ಆಸುಪಾಸಿನವರು. ಅವರು ಸುರುಳಿಯನ್ನು ಹತ್ತಿರ ಎಳೆದುಕೊಂಡು ನೋಡಿದರು. "ಇವರು ನಮ್ಮ ಹಳೇ ಪೇಷೆಂಟು. ಯಾವಾಗ್ಲೂ ನೂರೈವತ್ತು. ಅದಕ್ಕೇ ನಾನು ಇನ್ನೊಂದ್ಸಲ ಹಾಕಿದ್ದೆ. ಸರಿ ಬಂತಲ್ಲ ಅಂತ ಸುಮ್ನಾದೆ. ರಿಪೋರ್ಟ್ ಪ್ರಿಂಟ್ ತೆಗೆದು ಲಕೋಟೆಗೆ ಹಾಕೋರು ಕೌಂಟರಿನವರು, ನಾನು ನೋಡಲ್ಲ" ಎಂದರು. ರಿಜಿಸ್ಟರಿನಲ್ಲಿದ್ದ ಫೋನಿಗೆ ಮಾಡಿದರೆ ಯಾರೂ ಎತ್ತಲಿಲ್ಲ. ವಿಳಾಸ ಓಕಳಿಪುರಂ. ಅವರೂ ನಾನೂ ಆಟೋ ಹಿಡಿದು ಹೊರಟೆವು.

ರೈಲು ಹಳಿಗಳ ಪಕ್ಕದ ಬೀದಿಯಲ್ಲಿ ಆಟೋ ಒಳಗೆ ಹೋಗಲಿಲ್ಲ. ನಡೆದೆವು. ಮನೆಯ ಮುಂದೆ, 'ಇಲ್ಲಿ ಬಟ್ಟೆ ಹೊಲಿದು ಕೊಡಲಾಗುವುದು' ಎಂದು ಕೈಯಲ್ಲಿ ಬರೆದ ಹಲಗೆ ಇತ್ತು. ಬಾಗಿಲಿಗೆ ಬೀಗ. ಪಕ್ಕದ ಮನೆಯ ಕಟ್ಟೆಯ ಮೇಲೆ ಒಬ್ಬ ಹೆಂಗಸು ಅವರೆಕಾಯಿ ಸುಲಿಯುತ್ತಿದ್ದರು.

"ಟೈಲರ್ ಮನೇನಾ? ಅವರನ್ನ ಮೊನ್ನೆ ಆಸ್ಪತ್ರೆಗೆ ಹಾಕಿದ್ರಲ್ಲ. ಬೆಳಗ್ಗೆ ಬಚ್ಚಲಲ್ಲಿ ಬಿದ್ಬಿಟ್ರು. ಪ್ರಜ್ಞೆನೇ ಇರ್ಲಿಲ್ಲ" ಎಂದರು.

"ಈಗ ಹೇಗಿದಾರೆ?" ಎಂದು ಕೇಳಬೇಕಾಗಿತ್ತು. ಹಿಂದೆ ಒಂದು ರೈಲು ಹೋಯಿತು. ಅದು ಪೂರ್ತಿ ಹೋಗುವವರೆಗೆ ಯಾರೂ ಮಾತಾಡುವ ಹಾಗಿರಲಿಲ್ಲ. ಆ ಅಷ್ಟು ಹೊತ್ತು ನಾನು ಆ ಬೀಗವನ್ನೇ ನೋಡುತ್ತ ನಿಂತಿದ್ದೆ. ಟೆಕ್ನಿಷಿಯನ್ನೇ ಕೇಳಿ ಆಸ್ಪತ್ರೆ ಯಾವುದೆಂದು ತಿಳಿದುಕೊಂಡರು.

ಅಲ್ಲಿಗೆ ಹೋಗುವ ದಾರಿ ನನಗೆ ನೆನಪಿಲ್ಲ. ವಾರ್ಡಿನ ಬಾಗಿಲು ನೆನಪಿದೆ. ಕೊನೆಯ ಹಾಸಿಗೆಯಲ್ಲಿ ಅವರು ಎದ್ದು ಕೂತಿದ್ದರು. ಐವತ್ತೈದರ ತೆಳ್ಳಗಿನ ಮನುಷ್ಯ. ಬಲಗೈ ಮಣಿಕಟ್ಟು ಮುರಿದು ಬಿಳಿ ಪಟ್ಟಿ ಹಾಕಿದ್ದರು. ಬದುಕಿದ್ದರು.

ಅವರ ಹೆಂಡತಿ ಟೆಕ್ನಿಷಿಯನ್ನನ್ನು ಗುರುತು ಹಿಡಿದು ಎದ್ದು ನಿಂತರು. "ಬನ್ನಿ ಸಾರ್. ನಿಮ್ ಲ್ಯಾಬ್ ರಿಪೋರ್ಟ್ ನೋಡಿ ಡಾಕ್ಟ್ರು ಮಾತ್ರೆ ಎರಡರಷ್ಟು ಮಾಡಿದ್ರು. ಮೂರನೇ ದಿನಕ್ಕೆ ಹೀಗಾಯ್ತು. ಸಕ್ಕರೆ ತುಂಬ ಇಳಿದುಬಿಟ್ಟಿದೆ ಅಂದ್ರು ಇಲ್ಲಿ."

ಟೆಕ್ನಿಷಿಯನ್ ನನ್ನ ಕಡೆ ನೋಡಿದರು. ನಾನು ಮುಂದೆ ಹೋಗಿ ಹೇಳಿದೆ. ರಿಪೋರ್ಟು ತಪ್ಪಿತ್ತು, ಲ್ಯಾಬಿನದಲ್ಲ, ರಿಪೋರ್ಟು ಬರೆಯುವ ಕಂಪ್ಯೂಟರಿನದು, ಅದನ್ನು ನೋಡಿಕೊಳ್ಳಬೇಕಾಗಿದ್ದವಳು ನಾನು. ಸರಿಯಾದ ಸಂಖ್ಯೆಯನ್ನು ಲ್ಯಾಬಿನಲ್ಲಿ ಕೈಯಲ್ಲಿ ಬರೆದು ತಂದಿದ್ದ ಹೊಸ ರಿಪೋರ್ಟನ್ನು ಹೆಂಡತಿಯ ಕೈಗೆ ಕೊಟ್ಟೆ. ಆಕೆ ದಿಂಬಿನ ಕೆಳಗಿಂದ ಹಳೆಯದನ್ನು ತೆಗೆದು, ಎರಡನ್ನೂ ಎರಡು ಕೈಯಲ್ಲಿ ಹಿಡಿದು ನೋಡಿದರು. ಎರಡರಲ್ಲೂ ಅದೇ ಲ್ಯಾಬಿನ ಹೆಸರು, ಅದೇ ಸೀಲು.

"ಈಗ ಇದು ಸರಿ ಅಂತ ಹೆಂಗೆ ನಂಬೋದು?" ಎಂದು ಕೇಳಿದರು. ಜಗಳಕ್ಕಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದರು.

ಅವರ ಗಂಡ ತಮ್ಮ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದರು. ಹೊರಡುವಾಗ ನನ್ನನ್ನು ಕರೆದು, "ಬೆರಳು ಆಡ್ತಾ ಇದೆ. ಕತ್ತರಿ ಹಿಡಿಯಕ್ಕೆ ಆಗತ್ತೆ ಅಂತಾರೆ" ಎಂದರು, ನನಗೆ ಸಮಾಧಾನ ಹೇಳುವವರಂತೆ. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು. ಆಮೇಲೆ ಟೈಲರ್ ಮನೆಗೆ ಸರ್ ಹಲವು ಸಲ ಹೋಗಿಬಂದರು. ಮಣಿಕಟ್ಟು ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತು. ಹೊಲಿಗೆ ಮಾಡುತ್ತಿದ್ದರು, ಮೊದಲಿನಷ್ಟು ಹೊತ್ತು ಆಗುತ್ತಿರಲಿಲ್ಲ.

ಸೋಮವಾರ ನನ್ನ ಪ್ರೋಗ್ರಾಮಿನಿಂದ ಆ ಸಾಲನ್ನು ತೆಗೆದೆ. ಮೇಡಂ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಫಲಿತಾಂಶ ಸಿಗದ ಟೆಸ್ಟಿಗೆ 'ನಡೆದಿಲ್ಲ' ಎಂದು ಕಪ್ಪು ಗುರುತು ಬೀಳುವಂತೆ ಮಾಡಿದೆ. ಬಿಲ್ಡಿನ ಫೈಲು ಪೂರ್ತಿ ಇಲ್ಲದಿದ್ದರೆ ಅವತ್ತಿನ ಲೆಕ್ಕವನ್ನೇ ತೆಗೆದುಕೊಳ್ಳಬಾರದು ಎಂದು ಬರೆದೆ. ಕೊನೆಗೆ ಮೇಡಂ ಇನ್ನೊಂದನ್ನು ಸೇರಿಸಿದರು: ಎಷ್ಟು ಟೆಸ್ಟು ಓಡಬೇಕಿತ್ತು, ಎಷ್ಟು ಓಡಿತು ಎಂದು ದಿನವೂ ಒಬ್ಬರು ನೋಡಿ ಕೈಯಲ್ಲಿ ಬರೆದು ಸಹಿ ಹಾಕಬೇಕು. ಆ ಕೆಲಸ ನನಗೇ ಬಂತು. ಅಲ್ಲಿದ್ದ ಇನ್ನು ನಾಲ್ಕು ವರ್ಷವೂ ಅದನ್ನು ಮಾಡಿದೆ. ಒಂದು ಲ್ಯಾಬು ನಮ್ಮನ್ನು ಬಿಟ್ಟಿತು, ಉಳಿದವು ಉಳಿದವು. ಸರ್ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಕಾರಣ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅದೇ ಸೋಮವಾರ ಮಧ್ಯಾಹ್ನ ಉಪ್ಪಾರಪೇಟೆಯ ಲ್ಯಾಬಿನ ಸುರುಳಿಯಲ್ಲಿ ಕೊನೆಯದೊಂದು ಸಿಕ್ಕಿತು. ಇದು ತಿರುವುಮುರುವು. ಮೂತ್ರಪಿಂಡದ ಪರೀಕ್ಷೆ, ಮೊದಲನೇ ಸಂಖ್ಯೆ ಸರಿಯಾಗಿದೆ ಎನ್ನುವಂತಿತ್ತು, ಎರಡನೆಯದು ತುಂಬ ಹೆಚ್ಚು. ನಮ್ಮ ರಿಪೋರ್ಟು ಆ ಮನುಷ್ಯನಿಗೆ ಏನೂ ತೊಂದರೆಯಿಲ್ಲ ಎಂದು ಹೇಳಿ ಕಳಿಸಿತ್ತು. ಮೇಡಂ ಸ್ಕೇಲನ್ನು ಕೆಳಗಿಟ್ಟು, "ಇವರು ಬೇಗ ಸಿಗ್ಬೇಕು" ಎಂದರು.

ರಿಜಿಸ್ಟರಿನಲ್ಲಿ ವಿಳಾಸದ ಜಾಗದಲ್ಲಿ ಒಂದು ಲಾಡ್ಜಿನ ಹೆಸರಿತ್ತು. ಎರಡು ಬೀದಿ ಆಚೆ. ಮೂವರೂ ಹೋದೆವು. ಮ್ಯಾನೇಜರು ದಪ್ಪ ಪುಸ್ತಕ ತಿರುವಿ ಹಾಕಿ ಹೆಸರು ಹುಡುಕಿ ಕೊಟ್ಟರು. ಒಬ್ಬರೇ ಬಂದಿದ್ದರು, ಎರಡು ದಿನ ಇದ್ದು, ಹತ್ತು ದಿನದ ಹಿಂದೆ ಹೊರಟುಹೋಗಿದ್ದರು. ಬಂದ ಕಾರಣ: ಸ್ವಂತ ಕೆಲಸ. ಊರು ಎಂಬಲ್ಲಿ ಬರೆದಿದ್ದ ಹೆಸರಿನ ಮೇಲೆ ನೀರು ಬಿದ್ದು ಶಾಯಿ ಹರಡಿತ್ತು. ಕೊನೆಯಲ್ಲಿ 'ಹಳ್ಳಿ' ಎಂದಿದ್ದದ್ದು ಮಾತ್ರ ಓದಲಾಯಿತು.

"ಆಳು ಹೇಗಿದ್ರು, ನೆನಪಿದ್ಯಾ?" ಎಂದು ಸರ್ ಕೇಳಿದರು.

"ದಿನಾ ಎಷ್ಟು ಜನ ಬರ್ತಾರೆ ಸ್ವಾಮಿ" ಎಂದರು ಮ್ಯಾನೇಜರು.

ಸರ್ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಲು ನೋಡಿದರು. ಮೊದಲ ಅಕ್ಷರ 'ಮ' ಇರಬಹುದು ಎಂದರು, ಮೇಡಂ 'ವ' ಎಂದರು. ಆಮೇಲೆ ಹಲವು ವಾರ ಸರ್ ಹಾಗೂ ಇರಬಹುದು, ಹೀಗೂ ಇರಬಹುದು ಎನ್ನಿಸಿದ ಊರುಗಳ ಪೋಸ್ಟ್ ಮಾಸ್ಟರುಗಳಿಗೆಲ್ಲ ಕಾಗದ ಬರೆದರು. ಇಂಥ ಹೆಸರಿನವರು ನಿಮ್ಮಲ್ಲಿದ್ದರೆ ಕೂಡಲೇ ಹತ್ತಿರದ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಲು ಹೇಳಿ ಎಂದು. ಮೂರು ಕಡೆಯಿಂದ ಅಂಥವರು ಯಾರೂ ಇಲ್ಲವೆಂದು ಉತ್ತರ ಬಂತು. ಮಿಕ್ಕ ಕಡೆಯಿಂದ ಬರಲಿಲ್ಲ. ಕಾಗದಗಳನ್ನು ಪೋಸ್ಟ್ ಡಬ್ಬಕ್ಕೆ ಹಾಕಿ ಬರುತ್ತಿದ್ದವಳು ನಾನು. ಆ ಮನುಷ್ಯರಿಗೆ ಆಮೇಲೆ ಏನಾಯಿತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.